ಟಿವಿಗೆ ಅಡ್ಡ ನಿಂತ ಬೆನ್ನು

ಭದ್ರಾವತಿಯ ನ್ಯೂಟೌನಿನಲ್ಲಿ ನಾವಿದ್ದ ಕ್ವಾರ್ಟರ್ಸ್ ಸಾಲಿಗೆ ಮೊದಲ ಕಲರ್ ಟಿವಿ ತಂದವರು ಪಕ್ಕದ ಮನೆಯ ಫೋರ್‌ಮನ್. ಭಾನುವಾರ ಸಂಜೆ ಹಳೆಯ ಹಾಸ್ಯಚಿತ್ರ ಬಂದರೆ ಇಡೀ ಸಾಲನ್ನೇ ಕರೆದು ಕೂರಿಸುತ್ತಿದ್ದರು. ದೊಡ್ಡ ಮನಸ್ಸು. ಚಿತ್ರ ನೋಡಲು ಮಾತ್ರ ಬಿಡುತ್ತಿರಲಿಲ್ಲ.

ನಗುವ ಜಾಗ ಹತ್ತಿರ ಬಂತೆಂದರೆ ಪಂಚೆ ಎತ್ತಿಕಟ್ಟಿ ಟಿವಿಗೆ ಅಡ್ಡ ನಿಲ್ಲುವರು. "ಇದು ಸ್ಕ್ರಿಪ್ಟಲ್ಲಿ ಇರ್ಲೇ ಇಲ್ಲ ಮಾರಾಯ್ರೆ!" ಮದುವೆಮನೆಯಲ್ಲಿ ನಾಯಕ ನಿಜವಾಗಿಯೂ ಕಾಲು ಜಾರಿ ಪಾಯಸದ ಹಂಡೆಗೆ ಬಿದ್ದದ್ದು, ಡೈರೆಕ್ಟರ್ ಕಟ್ ಹೇಳುವುದನ್ನೇ ಮರೆತು ನಕ್ಕದ್ದು, ಎಲ್ಲವನ್ನೂ ಅಭಿನಯಿಸಿ ತೋರಿಸಿ ಅವರು ಪಕ್ಕಕ್ಕೆ ಸರಿಯುವಷ್ಟರಲ್ಲಿ ನಾಯಕ ಬಟ್ಟೆ ಬದಲಿಸಿ ನಾಯಕಿಯೊಂದಿಗೆ ಹಾಡುತ್ತಿರುತ್ತಿದ್ದ.

ಒಮ್ಮೆ ಅವರ ಹೆಂಡತಿಯ ಸೋದರಮಾವ ಮದ್ರಾಸಿನಿಂದ ಬಂದರು. ಆ ಪಾಯಸದ ಹಂಡೆಯ ಚಿತ್ರದ ಶೂಟಿಂಗಿನಲ್ಲೇ ಲೈಟ್ ಹಿಡಿದವರು. ನಾವೆಲ್ಲ ಆಸೆಯಿಂದ ಅವರತ್ತ ತಿರುಗಿದೆವು.

"ಜಾರಿದ್ದೆಲ್ಲ ಇಲ್ಲಪ್ಪ. ಬೆಳಿಗ್ಗೆಯಿಂದ ಬೀಳ್ಸಿ ಬೀಳ್ಸಿ ಹೀರೋ ಸೊಂಟ ಹಿಡ್ಕೊಂಡಿತ್ತು. ನಗು ಯಾರಿಗೆ ಬರುತ್ತೆ? ಊಟಕ್ಕೆ ಯಾವಾಗ ಬಿಡ್ತಾರೋ ಅಂತ ಕಾಯ್ತಿದ್ವಿ" ಎಂದರು ಮಾವ.

ಫೋರ್‌ಮನ್ ಮಾವನತ್ತ ಕನಿಕರದಿಂದ ನೋಡಿದರು. "ಪಾಪ, ನೀವು ಲೈಟ್ ನೋಡ್ಕೊಂಡಿದ್ರಿ. ಸಿನಿಮಾ ಎಲ್ಲಿ ನೋಡಿದ್ರಿ?"

ಇನ್ನಾದರೂ ಬಿಡುಗಡೆ ಎಂದುಕೊಂಡೆವು. ಮಾವ ಊರಿಗೆ ಹೋದ ಮೇಲೆ ಅದೇ ಚಿತ್ರ ಮತ್ತೆ ಬಂತು. ಪಂಚೆ ಮೇಲೇರಿತು, ಬೆನ್ನು ಅಡ್ಡ ಬಂತು.

"ಇದು ಸ್ಕ್ರಿಪ್ಟಲ್ಲಿ ಇರ್ಲೇ ಇಲ್ಲ ಮಾರಾಯ್ರೆ! ಲೈಟ್ ಹಿಡಿದೋರೇ ಇದೇ ಕುರ್ಚೀಲಿ ಕೂತು ಹೇಳಿದ್ದಾರೆ. ನೀವೆಲ್ಲ ಕೇಳಿದ್ದೀರಲ್ಲ?"

ನಾವೆಲ್ಲ ಬೇಗಬೇಗ ಹೌದೆಂದು ತಲೆಯಾಡಿಸಿದೆವು. ಆ ನಾಯಕ ಬೀಳುವುದನ್ನು ಒಂದು ಸಲವಾದರೂ ನೋಡಬೇಕಿತ್ತು.