ಹಿಂದಕ್ಕೆ ಹೋಗದ ಕಾರು

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದ ಕಾಲದಲ್ಲಿ ತಂಗಡಗಿಯ ನಮ್ಮ ಓಣಿಗೆ ಕಾರು ಬಂತೆಂದರೆ ಯಾರದೋ ಮದುವೆ ಇರಬೇಕಿತ್ತು, ಇಲ್ಲವೇ ಚುನಾವಣೆ ಹತ್ತಿರ ಬಂದಿರಬೇಕಿತ್ತು. ಬಂದ ಕಾರಿನ ಗಾಜಿಗೆ ಮೂಗು ಒತ್ತಿ ಇಣುಕುವುದು, ಡ್ರೈವರು ಗದರಿದರೆ ಓಡುವುದು, ಅವನು ಅತ್ತ ತಿರುಗಿದೊಡನೆ ಮತ್ತೆ ಬಂದು ಇಣುಕುವುದು, ಇದೇ ನಮಗೊಂದು ಆಟ. ಅಂಥದರಲ್ಲಿ ನಮ್ಮ ಮನೆಗೇ ಒಂದು ಕಾರು ಬಂತು. ತಂದವಳು ನನ್ನ ಅವ್ವ. ಅಪ್ಪ ಬೇಡವೆಂದಿದ್ದರು.

ಅಪ್ಪ ಊರಿನ ಸಾಲಿಯಲ್ಲಿ ಮಾಸ್ತರರು. ಸೈಕಲ್ಲನ್ನು ಕೂಡ ರಸ್ತೆಯ ಅಂಚಿಗೇ ಹೊಡೆಯುವ ಮನುಷ್ಯ. ಅವ್ವನದು ರೊಟ್ಟಿಯ ಕೆಲಸ. ಓಣಿಯ ನಾಲ್ಕು ಹೆಂಗಸರು ಬೆಳಗಾದರೆ ನಮ್ಮ ಪಡಸಾಲೆಗೆ ಬಂದು ಜೋಳದ ರೊಟ್ಟಿ ಬಡಿಯುತ್ತಿದ್ದರು. ಆ ಪಟಪಟ ಸದ್ದಿಗೇ ನನಗೂ ನನ್ನ ಅಕ್ಕ ರೇಣುಕಾಗೂ ಎಚ್ಚರವಾಗುತ್ತಿತ್ತು. ಒಣಗಿ ಖಡಕ್ಕಾದ ರೊಟ್ಟಿಗಳನ್ನು ಬಿಳಿ ಅರಿವೆಯಲ್ಲಿ ಕಟ್ಟಿ ಅವ್ವ ಬಸ್ಸಿನಲ್ಲಿ ಮುದ್ದೇಬಿಹಾಳದ ಖಾನಾವಳಿಗಳಿಗೆ ಒಯ್ಯುತ್ತಿದ್ದಳು. ಬಸ್ಸಿನಲ್ಲಿ ಗಂಟಿನ ಮೇಲೆ ಯಾರಾದರೂ ಚೀಲ ಇಡುತ್ತಿದ್ದರು, ಕೆಲವೊಮ್ಮೆ ಕೂತೇ ಬಿಡುತ್ತಿದ್ದರು. ಊರು ಮುಟ್ಟುವಷ್ಟರಲ್ಲಿ ಅರ್ಧ ರೊಟ್ಟಿ ಪುಡಿ.

"ರೊಟ್ಟಿಗೆ ಕುಂಡ್ರಾಕ ಒಂದು ಜಾಗಾ ಬೇಕ್ರಿ," ಎಂದು ಅವ್ವ ಒಂದು ಸಂಜೆ ಅಪ್ಪನಿಗೆ ಹೇಳಿದಳು. "ಹಳೇದ್ಯಾಕಾಗ್ವಲ್ದು, ಒಂದು ಕಾರ ತಗೋಳೂಣು."

"ರೊಟ್ಟಿಗೆ ಕಾರಾ?" ಎಂದರು ಅಪ್ಪ. ಕನ್ನಡಕ ತೆಗೆದು ಒರೆಸಿಕೊಂಡರು. ಅದು ಅವರು ಒಪ್ಪಲಿಲ್ಲವೆಂಬ ಗುರುತು. ಆದರೂ ದೀಪಾವಳಿ ಮುಗಿದ ವಾರ ಅವ್ವ ಹೊರಟಾಗ, ಒಬ್ಬಳನ್ನೇ ಕಳಿಸಲಾರದೆ ಅವರೂ ಬಂದರು. ಅತ್ತು ಕರೆದು ನಾನೂ ಹೊರಟೆ.

ಸಿಂದಗಿಯಲ್ಲಿ ಇಂಡಿ ರಸ್ತೆಯ ಬದಿಗೆ, ಎರಡು ಬೇವಿನ ಗಿಡಗಳ ಕೆಳಗೆ ಹಳೇ ಕಾರು ಮಾರುವ ಜಾಗವಿತ್ತು. ಕನ್ನೊಳ್ಳಿಯಿಂದ ನನ್ನ ಸೋದರಮಾವ ಸಿದ್ದುಮಾವನೂ ಅಲ್ಲಿಗೆ ಬಂದಿದ್ದ. ಟ್ರ್ಯಾಕ್ಟರ್ ಹೊಡೆಯುತ್ತಿದ್ದುದರಿಂದ ಅವನಿಗೆ ಎಲ್ಲ ಗಾಡಿಯೂ ತಿಳಿಯುತ್ತದೆಂದು ಮನೆಯವರ ನಂಬಿಕೆ. ವ್ಯಾಪಾರಿಯ ಹೆಸರು ಗುರುಪಾದಪ್ಪ. ದೊಡ್ಡ ಹೊಟ್ಟೆ, ಬಾಯಿತುಂಬ ಎಲೆಅಡಿಕೆ, ನಗದೆ ಒಂದು ಮಾತೂ ಆಡದ ಮನುಷ್ಯ.

ಸಾಲಿನ ಕೊನೆಗೆ ಒಂದು ಬಿಳಿ ಕಾರು ನಿಂತಿತ್ತು. ಬಿಳಿ ಎನ್ನುವುದಕ್ಕಿಂತ ಹಾಲು ಕುದಿದು ಕೆನೆಗಟ್ಟಿದ ಬಣ್ಣ. ಅದರ ಮೋರೆ ಗೇಟಿನ ಕಡೆಗೇ ಇತ್ತು. ನಾನು ಮೊದಲು ಒಳಗೆ ಹತ್ತಿ ಕೂತೆ. ಬಿಸಿಲಿಗೆ ಕಾದ ರೆಕ್ಸಿನ್ನು, ಪೆಟ್ರೋಲು, ಮುಂದೆ ಚುಚ್ಚಿದ್ದ ಊದಿನಕಡ್ಡಿ, ಮೂರೂ ಕೂಡಿದ ವಾಸನೆ ನನ್ನ ತಲೆಗೇರಿತು. ಇನ್ನು ಇಳಿಯುವುದಿಲ್ಲವೆಂದು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡೆ.

"ಎಷ್ಟು ಮಂದಿ ಕೈ ದಾಟೇತ್ರಿ ಇದು?" ಎಂದು ಅಪ್ಪ ಕೇಳಿದರು.

"ಇಬ್ಬರದ ಕೈರಿ ಮಾಸ್ತರ. ಇಬ್ಬರೂ ಡಾಕ್ಟರು! ಗಾಡಿ ತಬ್ಯೇತ್ ಹೆಂಗಿರಬಾರ್ದು ನೀವ ಹೇಳ್ರಿ."

"ಗ್ಯಾರಂಟಿ?"

ಗುರುಪಾದಪ್ಪ ಎದೆಯ ಮೇಲೆ ಕೈಯಿಟ್ಟುಕೊಂಡ. "ಸುಳ್ಳು ಹೇಳಂಗಿಲ್ಲ ನಾ. ನನ್ನ ಗೇಟಿನ ತನಕ ಗ್ಯಾರಂಟಿ ನಂದು. ಗೇಟ್ ದಾಟಿತಂದ್ರ ನಿಮ್ಮದು."

ಅಪ್ಪ ಕನ್ನಡಕ ಒರೆಸತೊಡಗಿದರು. ಸಿದ್ದುಮಾವ ಚಾಲೂ ಮಾಡಿದ, ಗೇಟಿನವರೆಗೆ ಹೊಡೆದ, ಬ್ರೇಕು ಒತ್ತಿದ, "ಇಂಜಿನ್ ಭಾರಿ ಐತಿ ಅಕ್ಕಾ," ಎಂದ. ಅವ್ವ ಹಿಂದಿನ ಸೀಟಿನ ಅಗಲವನ್ನು ಗೇಣಿನಿಂದ ಅಳೆದಳು. ಎಷ್ಟು ಗಂಟು ಹಿಡಿಯುತ್ತವೆಂಬ ಲೆಕ್ಕ ಅದು. ಅಳೆದು ಮುಗಿಸಿ, ಸೆರಗಿನಲ್ಲಿ ಕಟ್ಟಿ ತಂದಿದ್ದ ಎರಡು ವರ್ಷದ ರೊಟ್ಟಿಯ ದುಡ್ಡನ್ನು ಬಿಚ್ಚಿಕೊಟ್ಟಳು.

ಬರುವ ದಾರಿಯ ತುಂಬ ನನ್ನ ತಲೆ ಕಿಟಕಿಯ ಹೊರಗೇ. ಜಡೆಯಿಂದ ಬಿಚ್ಚಿ ಹಾರಿದ ಕೂದಲು ಬಾಯಿಗೆ ಬರುತ್ತಿತ್ತು. ಬಸವನ ಬಾಗೇವಾಡಿಯಲ್ಲಿ ನಿಲ್ಲಿಸಿ ಚುರಮುರಿ, ಮಿರ್ಚಿ ಭಜಿ ತಿಂದೆವು. ನಾನು ಮಾತ್ರ ಕಾರಿನಲ್ಲಿ ಕೂತೇ ತಿಂದೆ. ಮುದ್ದೇಬಿಹಾಳದಲ್ಲಿ ಪರಿಚಯದವರು ಯಾರಾದರೂ ನೋಡಲಿ ಎಂದು ಹಾರೈಸಿದೆ; ಯಾರೂ ಸಿಗಲಿಲ್ಲ. ನಮ್ಮ ಓಣಿ ನಮ್ಮ ಮನೆಯ ಗೋಡೆಗೇ ಮುಗಿಯುತ್ತದೆ. ಮಾವ ಕಾರನ್ನು ಅಲ್ಲಿಯವರೆಗೆ ಒಳಕ್ಕೆ ತಂದು ನಿಲ್ಲಿಸಿದ. ಹೆಂಗಸರು ಆರತಿ ಬೆಳಗಿದರು. ಮಕ್ಕಳು ಗಾಜಿಗೆ ಮೂಗು ಒತ್ತಿದರು. ನಾನು ಒಳಗಿನಿಂದ ಗದರಿದೆ.

ಮರುದಿನ ಬೆಳಿಗ್ಗೆ ಕಾರನ್ನು ಹೊರಗೆ ತೆಗೆಯಬೇಕೆಂದು ಮಾವ ರಿವರ್ಸ್ ಗೇರು ಹಾಕಿದ. ಗರ್ರೆಂದಿತು. ಇನ್ನೊಮ್ಮೆ ಹಾಕಿದ. ಕಾರು ಗುಡುಗಿತು, ಅಲುಗಲಿಲ್ಲ. ಬೆವರು ಒರೆಸಿಕೊಳ್ಳುತ್ತ ಇಳಿದು ಬಂದು, "ಅಕ್ಕಾ, ಇದಕ್ಕ ಹಿಂದಕ ಹೋಗಾಕ ಬರಂಗಿಲ್ಲ," ಎಂದ.

ಮುದ್ದೇಬಿಹಾಳದಿಂದ ಮೆಕ್ಯಾನಿಕ್ ಬಂದು ನೋಡಿದ. ಗೇರ್ ಬಾಕ್ಸ್ ಇಳಿಸಿ ಬಿಚ್ಚಬೇಕು, ಅದರ ಖರ್ಚಿನಲ್ಲಿ ಇಂಥದೇ ಇನ್ನೊಂದು ಕಾರು ಬರುತ್ತದೆ ಎಂದು ಹೇಳಿ ಚಹಾ ಕುಡಿದು ಹೋದ. ಅಪ್ಪ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಅಂದಿನಿಂದ ಅವರು ಕಾರಿನ ಕಡೆ ನೋಡುವುದನ್ನೇ ಬಿಟ್ಟರು. ಅವ್ವ ಕಾರಿನ ಮಾತೆತ್ತಿದರೆ ಸಾಲಿಯ ಹಾಜರಿ ಪುಸ್ತಕ ತೆರೆದು ಕೂರುತ್ತಿದ್ದರು.

ಅವ್ವ ನನ್ನ ಕೈಹಿಡಿದು ಬಸ್ ಹತ್ತಿ ಸಿಂದಗಿಗೆ ಹೋದಳು. ಗುರುಪಾದಪ್ಪ ನಮ್ಮನ್ನು ಕಂಡು ಎದ್ದು ನಿಂತ.

"ಗ್ಯಾರಂಟಿ ಇಲ್ಲಂತ ಮೊದ್ಲ ಹೇಳಿದ್ನಿಲ್ರಿ ಅಕ್ಕಾರ?"

"ಹೇಳಿದ್ರಿ. ರಿವರ್ಸ್ ಗೇರ್ ಇಲ್ಲಂತ ಹೇಳಿದ್ರೇನು?"

"ನೀವ್ ಕೇಳಲಿಲ್ಲಲ್ರಿ."

ಅವ್ವ ಸಿಟ್ಟಿಗೇಳುತ್ತಾಳೆಂದು ನಾನು ಕಾದೆ. ಅವಳು ಅವನ ಮುಖವನ್ನೇ ಒಂದು ಗಳಿಗೆ ನೋಡಿ, ತಡೆಯಲಾರದೆ ನಕ್ಕುಬಿಟ್ಟಳು. ಅವನೂ ನಕ್ಕ, ಆಮೇಲೆ ನಾಚಿದ. ಚಹಾ ತರಿಸಿದ. ಅವ್ವ ಚಹಾ ಮುಟ್ಟದೆ, "ನನ್ನ ಗಾಡಿ ಹಿಂದಕ ಸರಿಯಂಗಿಲ್ಲ. ಅಂದಮ್ಯಾಲ ಮುಂದಿನವರ ಸರೀಬೇಕು. ನಿಮ್ಮಲ್ಲಿದ್ದ ದೊಡ್ಡ ಹಾರ್ನ್ ಒಂದು ಕೊಡ್ರಿ," ಎಂದಳು. ಗುರುಪಾದಪ್ಪ ಯಾವುದೋ ಲಾರಿಯಿಂದ ಬಿಚ್ಚಿಟ್ಟಿದ್ದ ಹಾರ್ನನ್ನು ತಾನೇ ಒರೆಸಿ ಕಾಗದದಲ್ಲಿ ಸುತ್ತಿಕೊಟ್ಟ. ಬಸ್ಸಿನಲ್ಲಿ ಅದನ್ನು ನಾನು ತೊಡೆಯ ಮೇಲಿಟ್ಟುಕೊಂಡು ಬಂದೆ.

ಆ ಚಳಿಗಾಲ ನಮ್ಮ ಓಣಿಯ ಹಬ್ಬ. ಮಾವ ಎಂಟು ದಿನ ನಿಂತು ಸಾಲಿಯ ಮೈದಾನದಲ್ಲಿ ಅವ್ವನಿಗೆ ಕಾರು ಕಲಿಸಿದ. ಅವ್ವ ಲೈಸೆನ್ಸನ್ನೂ ಮಾಡಿಸಿಕೊಂಡಳು. ಪ್ರತಿ ಬೆಳಿಗ್ಗೆ ಓಣಿಯಿಂದ ಕಾರನ್ನು ಹಿಮ್ಮುಖವಾಗಿ ದಬ್ಬಿ ಹೊರಗೆ ತರುವ ಕೆಲಸ ನಮ್ಮೆಲ್ಲ ಮಕ್ಕಳದು. ಬಾನೆಟ್ಟಿಗೆ ಭುಜ ಕೊಟ್ಟು "ಹೈಸಾ" ಎಂದು ಕೂಗಿದರೆ ರೊಟ್ಟಿ ಬಡಿಯುವ ಕಾಶವ್ವ ಹಿಟ್ಟಿನ ಕೈಯಲ್ಲೇ ಓಡಿಬಂದು ಸೇರುತ್ತಿದ್ದಳು. ಕಾರಿನ ಮೂತಿಯ ಮೇಲೆ ಯಾವಾಗಲೂ ಅವಳ ಐದು ಬೆರಳ ಗುರುತು. ನನಗೆ ಇನ್ನೊಂದು ಕೆಲಸವೂ ಇತ್ತು. ಕಾರು ನಿಂತ ತಕ್ಷಣ ಇಳಿದು ಅದು ಜಾರದಂತೆ ಗಾಲಿಗೆ ಕಲ್ಲು ಕೊಡುವುದು, ಹೊರಡುವಾಗ ಆ ಕಲ್ಲನ್ನು ಎತ್ತಿಕೊಂಡು ಓಡಿಬಂದು ಹತ್ತುವುದು. ನನ್ನ ಕಲ್ಲಿನ ಮೇಲೆ ನನಗೆ ಭಾರಿ ಅಭಿಮಾನ.

ಮಾರ್ಚ್ ಬಂತು. ಅಕ್ಕ ಆ ವರ್ಷ ಹತ್ತನೆಯ ಇಯತ್ತೆ; ಪರೀಕ್ಷೆ ಮುದ್ದೇಬಿಹಾಳದಲ್ಲಿ. ಗಣಿತದ ದಿನ ಬೆಳಗಿನ ಬಸ್ಸು ಬರಲಿಲ್ಲ. ದಾರಿಯಲ್ಲೆಲ್ಲೋ ಕೆಟ್ಟು ನಿಂತಿದೆಯೆಂದು ಸುದ್ದಿ ಬಂತು. ಬಸ್ ನಿಲ್ದಾಣದಲ್ಲಿ ಅಕ್ಕ, ಅವಳ ಐದು ಗೆಳತಿಯರು. ಒಬ್ಬಳಂತೂ ಅಳತೊಡಗಿದ್ದಳು. ಕಾರಿನ ತುಂಬ ರೊಟ್ಟಿಯ ಗಂಟು ಹೇರಿಕೊಂಡು ಅವ್ವನೂ ನಾನೂ ಅದೇ ದಾರಿಗೆ ಬಂದೆವು. ಅಪ್ಪ ಸೈಕಲ್ ಹಿಡಿದು ಅಲ್ಲೇ ನಿಂತಿದ್ದರು. ಅಷ್ಟು ತಿಂಗಳಲ್ಲಿ ಮೊದಲ ಸಲ ಕಾರಿನ ಹತ್ತಿರ ಬಂದು ಕಿಟಕಿಗೆ ಬಾಗಿದರು.

"ಮುಟ್ಟಿಸ್ತೀಯೇನು?"

"ಮುಟ್ಟಿಸ್ತೇನ್ರಿ."

ಅಪ್ಪ ತಾವೇ ರೊಟ್ಟಿಯ ಗಂಟುಗಳನ್ನು ಇಳಿಸಿ ಕಟ್ಟೆಯ ಮೇಲೆ ಜೋಡಿಸಿದರು. ಆರೂ ಹುಡುಗಿಯರು ಹಿಂದೆ, ಒಬ್ಬರ ತೊಡೆಯ ಮೇಲೊಬ್ಬರು. ಮುಂದೆ ನಾನು, ನನ್ನ ಕಲ್ಲು. ಉಳಿದ ಒಂದು ಗಂಟು ಬಿಚ್ಚಿ ಹುಡುಗಿಯರು ರೊಟ್ಟಿ ಮುರಿದು ತಿನ್ನುತ್ತ ಪ್ರಮೇಯ ಒಪ್ಪಿಸತೊಡಗಿದರು. ಕಾರಿನ ತುಂಬ ಕರಕರ ಸದ್ದು, ತ್ರಿಕೋನ, ಲಂಬಕೋನ.

ದಾರಿಯಲ್ಲಿನ ಹಳ್ಳದ ಸೇತುವೆ ಆಗ ಒಂದೇ ಗಾಡಿಯಷ್ಟು ಅಗಲ. ನಾವು ನಡುವಿಗೆ ಬಂದಿದ್ದೆವು. ಎದುರಿನ ತಿರುವಿನಿಂದ ಕಬ್ಬು ಹೇರಿದ ಟ್ರ್ಯಾಕ್ಟರು, ಹಿಂದೆ ಎರಡು ಟ್ರೇಲರು ಕಟ್ಟಿಕೊಂಡು, ಸೇತುವೆಯ ಮೇಲೆ ಬಂದೇಬಿಟ್ಟಿತು. ಅವ್ವ ಲಾರಿಯ ಹಾರ್ನು ಒತ್ತಿದಳು. ಟ್ರ್ಯಾಕ್ಟರು ನಿಂತಿತು. ತಲೆಗೆ ಪಟಕಾ ಸುತ್ತಿದ ಎತ್ತರದ ಮನುಷ್ಯ ಕೆಳಗೆ ನೋಡಿದ.

"ರಿವರ್ಸ್ ತಗೀರಿ ಅಕ್ಕಾರ! ನನಗ ಎರಡು ಟ್ರೇಲರ್ ಅದಾವ."

"ಬರಂಗಿಲ್ಲೋ ಅಣ್ಣಾ!"

"ರಿವರ್ಸ್ ಬರಂಗಿಲ್ಲೇನು ನಿಮಗ?"

"ನನಗ ಬರತೈತಿ. ಗಾಡಿಗೆ ಬರಂಗಿಲ್ಲ!"

ಅವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಸ್ಟೀರಿಂಗಿನ ಮೇಲೆ ತಲೆಯಿಟ್ಟು ನಕ್ಕ. ಆಮೇಲೆ ಧುಮುಕಿ ಬಂದ. ಒಳಗಿದ್ದ ಹುಡುಗಿಯರನ್ನೂ ಅವರ ಕೈಯಲ್ಲಿದ್ದ ಪ್ಯಾಡುಗಳನ್ನೂ ನೋಡಿ ಅವನ ನಗು ನಿಂತಿತು.

"ಪರೀಕ್ಷಾ ಎಷ್ಟೊತ್ತಿಗೆ?"

"ಹತ್ತೂವರಿಗೆ," ಎಂದಳು ಅಕ್ಕ.

"ಇಳೀರೆವ್ವ, ಎಲ್ಲಾರೂ ಇಳೀರಿ."

ಟ್ರೇಲರಿನ ಕಬ್ಬಿನ ಮೇಲೆ ಕೂತಿದ್ದ ನಾಲ್ಕು ಜನ ಇಳಿದರು. ಹಳ್ಳದ ದಂಡೆಯಲ್ಲಿ ಕುರಿ ಬಿಟ್ಟಿದ್ದ ಇಬ್ಬರು ಓಡಿಬಂದರು. ಹುಡುಗಿಯರು ಚಪ್ಪಲಿ ಬಿಟ್ಟು, ಓಢಣಿ ಸೊಂಟಕ್ಕೆ ಬಿಗಿದು ಬಾನೆಟ್ಟಿಗೆ ಕೈಕೊಟ್ಟರು. ಅವ್ವ ಸ್ಟೀರಿಂಗ್ ಹಿಡಿದು ಕತ್ತು ತಿರುಗಿಸಿ ಹಿಂದೆ ನೋಡುತ್ತಿದ್ದಳು. ನಾನು ಹಿಂದಿನ ಗಾಲಿಯ ಪಕ್ಕಕ್ಕೆ ಕಲ್ಲು ಹಿಡಿದು ನಡೆದೆ. "ಹೈಸಾ!" ಕಾರು ಅಲುಗಿತು. ಅಳುತ್ತಿದ್ದ ಹುಡುಗಿ ಮಹಾದೇವಿಯೇ ಈಗ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದಳು. ಆ ಕಾರು ಅಷ್ಟು ಹಿಂದಕ್ಕೆ ಹೋದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಸೇತುವೆ ಬಿಟ್ಟು ಬದಿಗೆ ಸರಿದದ್ದೇ ನಾನು ಕಲ್ಲು ಕೊಟ್ಟೆ. ಅವನು ಟ್ರ್ಯಾಕ್ಟರನ್ನು ಮೆಲ್ಲಗೆ ದಾಟಿಸಿ, ನಿಲ್ಲಿಸಿ, ಮತ್ತೆ ಇಳಿದು ಬಂದ. ಕಾರು ಚಾಲೂ ಆಗಲೊಲ್ಲದು. ಈಗ ಎಲ್ಲರೂ ಹಿಂದಿನಿಂದ ದಬ್ಬಿದರು. ಇಂಜಿನ್ನು ಕೆಮ್ಮಿ ಎಚ್ಚರವಾಯಿತು. ಹುಡುಗಿಯರು ಓಡುತ್ತಲೇ ಹತ್ತಿದರು. ಅವನು ಕಿಟಕಿಯಿಂದ ಒಂದು ಹಿಡಿ ಕಬ್ಬಿನ ತುಂಡು ನನ್ನ ತೊಡೆಗೆ ಸುರಿದು, "ಪಾಸಾಗಿ ಬರ್ರೆವ್ವ!" ಎಂದು ಕೂಗಿದ.

ಗಂಟೆ ಬಾರಿಸುವಾಗ ನಾವು ಗೇಟಿನ ಮುಂದಿದ್ದೆವು. ಆರೂ ಜನ ಧೂಳು ಹತ್ತಿದ ಕೈಗಳಲ್ಲೇ ಒಳಗೆ ಓಡಿದರು. ಐವರು ಪಾಸಾದರು. ಮಹಾದೇವಿ ಗಣಿತದಲ್ಲಿ ಉಳಿದು, ಮುಂದಿನ ಪರೀಕ್ಷೆಯಲ್ಲಿ ಪಾಸಾದಳು. "ನನ್ನ ಪ್ರಮೇಯ ಸೇತುವಿ ಮ್ಯಾಲ ಬಿದ್ದುಬಿಟ್ಟಿತ್ತು," ಎಂದು ಇವತ್ತಿಗೂ ಹೇಳಿ ನಗುತ್ತಾಳೆ.

ಸಂಜೆ ಎಲ್ಲರನ್ನೂ ಕರೆದುಕೊಂಡು ಊರಿಗೆ ಬಂದಾಗ ಅಪ್ಪ ನಿಲ್ದಾಣದ ಕಟ್ಟೆಯ ಮೇಲೆ, ರೊಟ್ಟಿಯ ಗಂಟುಗಳ ನಡುವೆ ಕೂತಿದ್ದರು. ಸಾಲಿಗೆ ರಜೆ ಹಾಕಿ ಇಡೀ ದಿನ ರೊಟ್ಟಿ ಕಾದಿದ್ದರು. ಅಕ್ಕ ಸೇತುವೆಯ ಕಥೆ ಹೇಳುತ್ತಿದ್ದಂತೆ ಕನ್ನಡಕ ತೆಗೆದರು. ಈ ಸಲ ಒರೆಸಿಕೊಂಡದ್ದು ಕಣ್ಣು. ಮನೆಗೆ ಬಂದು ಅಂಗಿಯ ತೋಳು ಮಡಚಿ, ಎರಡು ಕೊಡ ನೀರು ತಂದು, ಕಾರನ್ನು ತಾವೇ ತೊಳೆದರು. ಕಾಶವ್ವನ ಬೆರಳ ಗುರುತಿನ ಹತ್ತಿರ ಬಂದಾಗ ಅವ್ವ, "ಅದನ್ನ ಬಿಡ್ರಿ, ಇರಲಿ," ಎಂದಳು. ಅಪ್ಪ ಬಿಟ್ಟರು.

ಆ ಕಾರು ನಾಲ್ಕು ವರ್ಷ ನಮ್ಮಲ್ಲಿತ್ತು. ತಳ ತುಕ್ಕು ಹಿಡಿದ ಮೇಲೆ ಗುಜರಿಯವರು ಬಿಡಿಸಿ ಒಯ್ದರು. ಕಾಶವ್ವ ಈಗಿಲ್ಲ. ಓಣಿಯಲ್ಲಿ ಮೂರು ಮನೆಗೆ ಕಾರಿವೆ. ಅವು ಬಂದಾಗ ಆಟ ಬಿಟ್ಟು ಯಾರೂ ಎದ್ದು ನೋಡುವುದಿಲ್ಲ. ಹಳ್ಳಕ್ಕೆ ಅಗಲವಾದ ಹೊಸ ಸೇತುವೆಯಾಗಿದೆ. ಒಳ್ಳೆಯದೇ ಆಯಿತು, ಈಗ ಪರೀಕ್ಷೆಗೆ ಹೊರಟ ಯಾವ ಹುಡುಗಿಯೂ ಅಲ್ಲಿ ಸಿಕ್ಕಿಬೀಳುವುದಿಲ್ಲ. ಆದರೆ ಅಂದು ಒಬ್ಬರಿಗೊಬ್ಬರು ದಾರಿ ಬಿಡಲಾಗದೆ ಎದುರುಬದುರು ನಿಂತದ್ದಕ್ಕೇ ನಮಗೆ ಅಷ್ಟು ಜನ ಸಿಕ್ಕಿದ್ದರು. ಅವರಲ್ಲಿ ಒಬ್ಬರ ಹೆಸರೂ ನಾವು ಕೇಳಲಿಲ್ಲ.

ಹೋದ ಕಬ್ಬಿನ ಹಂಗಾಮಿನಲ್ಲಿ ಅವ್ವನನ್ನು ಪಕ್ಕಕ್ಕೆ ಕೂರಿಸಿಕೊಂಡು ನನ್ನ ಕಾರಿನಲ್ಲಿ ಆ ಹೊಸ ಸೇತುವೆಗೆ ಬಂದೆ. ಎದುರಿನಿಂದ ಕಬ್ಬಿನ ಟ್ರ್ಯಾಕ್ಟರು ಬಂತು. ಅವ್ವ ಕಿಟಕಿಯಿಂದ ಕತ್ತು ಚಾಚಿ ಚಾಲಕನ ಮುಖ ನೋಡಲು ಹೋದಳು. ಅಷ್ಟರಲ್ಲಿ ಅದು ದಾಟಿಹೋಯಿತು. ನಾನು ವೇಗ ತಗ್ಗಿಸಿದೆ. ಹಿಂದಿನ ಗಾಡಿಯವನು ಹಾರ್ನ್ ಹೊಡೆದು ಅವಸರ ಮಾಡಿದ.

"ನಡಿಯವ್ವ," ಎಂದಳು ಅವ್ವ, ಕತ್ತು ಒಳಗೆ ತೆಗೆದುಕೊಂಡು. "ಈಗ ಇಲ್ಲಿ ನಿಂದರಾಕ ಬರಂಗಿಲ್ಲ."