ಕೇಳದ ನಾಯಿಗೆ ಊದಿದ ಸೀಟಿ

ಹುಡುಕುತ್ತಿದ್ದದ್ದು ಇನ್ಶೂರೆನ್ಸ್ ಕಾರ್ಡನ್ನು. ಸಿಕ್ಕಿದ್ದು ಸೀಟಿ. ಹೆಬ್ಬೆರಳುದ್ದದ, ಕೊಂಬಿನಲ್ಲಿ ಮಾಡಿದ ಸೀಟಿ. ಮೂಗಿನ ಹತ್ತಿರ ಹಿಡಿದೆ. ಇಷ್ಟು ವರ್ಷಗಳಾದರೂ ಲವಂಗದ ವಾಸನೆ ಹೋಗಿಲ್ಲ...

ಹಲ್ಲುನೋವಿಗೆಂದು ಲವಂಗವನ್ನು ದವಡೆಯಲ್ಲಿಟ್ಟುಕೊಂಡು, ಅದೇ ಬಾಯಲ್ಲಿ ಸೀಟಿ ಊದುತ್ತಿದ್ದ ಒಬ್ಬರನ್ನೇ ನಾನು ಕಂಡದ್ದು. ನಾವೆಲ್ಲ ಅವರನ್ನು ನಾಯಿ ಮಾಸ್ತರರು ಎನ್ನುತ್ತಿದ್ದೆವು. ಮುಧೋಳದ ಕಡೆಯವರು. ಖತಾರಿನ ಅಲ್ ಖೋರ್‌ನಿಂದಾಚೆ ಒಬ್ಬ ಅರ್ಬಾಬರ, ಅಂದರೆ ಅರಬ್ ಧಣಿಯ, ತೋಟದಲ್ಲಿ ಬೇಟೆನಾಯಿಗಳನ್ನು ನೋಡಿಕೊಳ್ಳುವ ಕೆಲಸ. ತರಕಾರಿ ಅಂಗಡಿಯಲ್ಲಿ ಇಬ್ಬರೂ ಒಂದೇ ಮೆಂತ್ಯದ ಕಟ್ಟಿಗೆ ಕೈ ಹಾಕಿ ಪರಿಚಯವಾದೆವು. ಆಮೇಲೆ ಪ್ರತಿ ಶುಕ್ರವಾರ ನಾನು ಅವರ ಪೋರ್ಟಾ ಕ್ಯಾಬಿನ್ನಿಗೆ ಹಾಜರು. ನಾಯಿ ನೋಡಲು ಹೋಗುತ್ತೇನೆಂದು ಮನೆಯಲ್ಲಿ ಹೇಳುತ್ತಿದ್ದೆ. ಹೋಗುತ್ತಿದ್ದದ್ದು ಜೋಳದ ರೊಟ್ಟಿಗೆ.

ತೋಟದಲ್ಲಿ ಸಲೂಕಿ ಜಾತಿಯ ಎರಡು ಅರಬ್ ಬೇಟೆನಾಯಿಗಳಿದ್ದವು. ಉದ್ದ ಕಾಲಿನ, ತೆಳು ಹೊಟ್ಟೆಯ, ಮಹಾ ಗಾಂಭೀರ್ಯದ ಓಟಗಾರರು. ಕಣ್ಣಿಗೆ ಬಿದ್ದ ಮೊಲವನ್ನು ಬಿಡುವವಲ್ಲ, ಆದರೆ ಮುಳ್ಳುಪೊದೆಯೊಳಗೆ ಹೊಕ್ಕು ಅದನ್ನು ಎಬ್ಬಿಸುವುದು ತಮ್ಮ ದರ್ಜೆಯ ಕೆಲಸವಲ್ಲ ಎಂಬ ಅಭಿಪ್ರಾಯ ಅವುಗಳದು. ಆ ಕೆಲಸಕ್ಕೆಂದೇ ಇಂಗ್ಲೆಂಡಿನಿಂದ ಬಂದಿದ್ದವಳು ಒಬ್ಬ ಮುದಿ ಸ್ಪೇನಿಯಲ್ ಹೆಣ್ಣುನಾಯಿ. ಕುಳ್ಳು ಕಾಲು, ಜೋತುಬಿದ್ದ ಕಿವಿ. ಮಾಸ್ತರರು ಅವಳನ್ನು ‘ಅಕ್ಕಾರ’ ಎಂದು ಬಹುವಚನದಲ್ಲೇ ಕರೆಯುತ್ತಿದ್ದರು.

ಬೇಟೆಯ ಕ್ರಮ ಹೀಗಿತ್ತು. ಅಕ್ಕಾರು ಪೊದೆಯೊಳಗೆ ಹೋಗಿ ಮೊಲವನ್ನು ಹೊರಗೋಡಿಸಬೇಕು. ಮೊಲ ಹೊರಬಿದ್ದ ಕೂಡಲೇ ಮೊದಲ ಸೀಟಿ. ಅದು ಕೇಳಿದ್ದೇ ಅಕ್ಕಾರು ಇದ್ದಲ್ಲೇ ಕೂರಬೇಕು. ಎರಡನೇ ಸೀಟಿಗೆ ಸಲೂಕಿಗಳ ಹಗ್ಗ ಬಿಡಬೇಕು. ನಡುವೆ ಕೂರದೆ ಅವಳೂ ಮೊಲದ ಹಿಂದೆ ಓಡಿದರೆ ಮುಗಿಯಿತು. ಆ ವೇಗದಲ್ಲಿ ಸಲೂಕಿಗೆ ಮೊಲ ಯಾವುದು, ಸಹೋದ್ಯೋಗಿ ಯಾವುದು ಎಂಬ ವಿವೇಚನೆ ಇರುವುದಿಲ್ಲ. ಅವಳಿಗಿಂತ ಮೊದಲಿದ್ದ ಸ್ಪೇನಿಯಲ್ ಸತ್ತದ್ದು ಹಾಗೆಯೇ.

ಒಂದು ಶುಕ್ರವಾರ ರೊಟ್ಟಿ ತಟ್ಟುತ್ತಾ ಮಾಸ್ತರರು ಒಂದು ಗುಟ್ಟು ಹೇಳಿದರು. ಅಕ್ಕಾರಿಗೆ ಕಿವಿ ಹೋಗಿ ಒಂದು ವರ್ಷವೇ ಆಗಿತ್ತು. ಅವಳು ಕೂರುತ್ತಿದ್ದದ್ದು ಸೀಟಿ ಕೇಳಿ ಅಲ್ಲ, ಪೊದೆಯ ಬಾಯಲ್ಲೇ ನಿಂತು ಮಾಸ್ತರರು ಎತ್ತುತ್ತಿದ್ದ ಬಲಗೈ ನೋಡಿ.

“ಮತ್ತೆ ಸೀಟಿ ಯಾಕೆ?” ಎಂದೆ.

“ಸೀಟಿ ನಾಯಿಗಲ್ರೀ, ಅರ್ಬಾಬಗ” ಎಂದರು. ರೊಟ್ಟಿ ಮಗುಚಿದರು. “ಯಾರ ಮುಂದೂ ಅನಬ್ಯಾಡ್ರಿ, ಸಾಹೇಬ್ರ. ಕೆಲಸಾ ಹೋದ್ರ ಆಕಿಗೆ ಹೋಗಾಕ ಬ್ಯಾರೆ ಮನಿ ಇಲ್ಲ.”

ನಾನು ವೃತ್ತಿಯಲ್ಲಿ ಸೇಫ್ಟಿ ಆಫೀಸರ್. ಗ್ಯಾಸ್ ಪ್ಲಾಂಟಿನಲ್ಲಿ ಹೆಲ್ಮೆಟ್ಟಿನ ಪಟ್ಟಿ ಸಡಿಲವಾದರೂ ವರದಿ ಬರೆಯುವವನು. ಅಂಥವನು ಆ ರೊಟ್ಟಿಯ ಸಮ್ಮುಖದಲ್ಲಿ, ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟೆ.

ಮುಂದಿನ ಶುಕ್ರವಾರ ಬೆಳಿಗ್ಗೆ ಬೇಟೆ. ಹಗ್ಗ ಹಿಡಿಯುವ ಸುಡಾನಿ ರಜೆಗೆ ಹೋಗಿದ್ದರಿಂದ ಆ ಗೌರವ ನನಗೆ ದೊರೆಯಿತು. ಎರಡು ಸಲೂಕಿಗೆ ಒಂದೇ ಹಗ್ಗ, ಒಂದೇ ಕೊಂಡಿ. ಬೆರಳಲ್ಲಿ ಎಳೆದರೆ ಎರಡೂ ಬಿಡುಗಡೆ. ಅರ್ಬಾಬರು ಜೀಪಿನಿಂದಿಳಿದು ಸಲಾಂ ಹೇಳಿ, ನಗುತ್ತಲೇ ಮಾಸ್ತರರ ಮುಂದೆ ಕೈ ಚಾಚಿದರು. ಇವತ್ತು ಸೀಟಿ ತಾವೇ ಊದುವುದಾಗಿಯೂ, ಮಾಸ್ತರರು ಪೊದೆಯ ಹತ್ತಿರ ಹೋಗದೆ ಜೀಪಿನ ಪಕ್ಕದಲ್ಲಿ ತಮ್ಮ ಜೊತೆಗೇ ನಿಲ್ಲಬೇಕೆಂದೂ ಹೇಳಿದರು.

ಮಾಸ್ತರರು ಕೊರಳಿನಿಂದ ಸೀಟಿ ತೆಗೆದುಕೊಟ್ಟರು. ಅವರ ಹಲ್ಲಿನಲ್ಲಿ ಲವಂಗ ಕಟಕ್ಕೆಂದದ್ದು ನನಗೆ ಕೇಳಿಸಿತು.

ಅಕ್ಕಾರು ಬಾಲ ಅಲ್ಲಾಡಿಸುತ್ತಾ ಪೊದೆಯೊಳಗೆ ಹೋದಳು. ಪಾಪ, ದಿನದ ಡ್ಯೂಟಿ. ಒಣಮುಳ್ಳು ಚಟಪಟ ಎನ್ನುತ್ತಿತ್ತು. ಒಮ್ಮೆ ಈ ತುದಿಯಲ್ಲಿ, ಒಮ್ಮೆ ಆ ತುದಿಯಲ್ಲಿ. ಆಮೇಲೆ ಸದ್ದು ನಿಂತಿತು. ಸಲೂಕಿಗಳು ಉಸಿರು ಬಿಗಿಹಿಡಿದವು, ನಾನೂ ಹಿಡಿದೆ. ಮಾಸ್ತರರ ಬಲಗೈ ತೊಡೆಯ ಪಕ್ಕದಲ್ಲೇ ಉಳಿದಿತ್ತು.

ಮೊಲ ಹಾರಿತು. ಅದರ ಬೆನ್ನಿಗೇ ನಾಲ್ಕು ಮಾರು ಅಂತರದಲ್ಲಿ ಅಕ್ಕಾರು. ಪೊದೆಯ ಬಾಯಲ್ಲಿ ಕೈ ಎತ್ತುವವರು ಯಾರೂ ಕಾಣದಿದ್ದುದರಿಂದ ಅವಳು ಓಡಿದಳು, ಓಡುತ್ತಲೇ ಇದ್ದಳು. ಮೊದಲ ಸೀಟಿ. ಕೂರಲಿಲ್ಲ. ಎರಡನೆಯ ಸೀಟಿ. ಅದು ನನಗೆ. ಸಲೂಕಿಗಳು ಹಿಂಗಾಲ ಮೇಲೆ ನಿಂತು ಜಗ್ಗುತ್ತಿದ್ದವು, ಹಗ್ಗ ಅಂಗೈ ಕೊಯ್ಯುತ್ತಿತ್ತು. ಅರ್ಬಾಬರು ನನ್ನ ಕಡೆ ತಿರುಗಿ, “ಯಲ್ಲಾ, ಛೋಡೋ” ಎಂದರು.

ನಾನು ಬಿಡಲಿಲ್ಲ.

ಮೊಲ ದಿಬ್ಬ ದಾಟಿತು. ಅದು ಕಣ್ಮರೆಯಾದ ಮೇಲೆ ಅಕ್ಕಾರು ನಿಂತು, ತಿರುಗಿ, ನಮ್ಮತ್ತ ನೋಡಿದಳು. ಆಗ ಮಾಸ್ತರರು ತಡೆಯಲಾರದೆ ಕೈ ಎತ್ತಿಬಿಟ್ಟರು. ಅಷ್ಟು ದೂರದಲ್ಲಿ ಅವಳು ಮರಳಿನ ಮೇಲೆ ಠೀವಿಯಿಂದ ಕೂತಳು. ಅರ್ಬಾಬರು ಕೂತ ನಾಯಿಯನ್ನು ನೋಡಿದರು. ಎತ್ತಿದ ಕೈಯನ್ನು ನೋಡಿದರು. ಆಮೇಲೆ ನನ್ನ ಹತ್ತಿರ ಬಂದು, ಯಾಕೆ ಬಿಡಲಿಲ್ಲವೆಂದು ಕೇಳಿದರು.

ಕೊಂಡಿ ಜಾಮ್ ಆಗಿದೆ ಎಂದೆ.

ಅವರು ಒಂದೇ ಬೆರಳಿನಿಂದ ಕೊಂಡಿ ಎಳೆದರು. ಟಕ್ಕೆಂದು ಬಿಚ್ಚಿಕೊಂಡಿತು. ಕಣ್ಣಿಗೆ ಮೊಲವಿಲ್ಲದ ಸಲೂಕಿಗಳು ಅಲ್ಲೇ ನಿಂತು ಮೈ ಕೊಡವಿದವು.

ಅರ್ಬಾಬರು ಸೀಟಿಯನ್ನು ಮಾಸ್ತರರ ಕೊರಳಿಗೆ ಮತ್ತೆ ಹಾಕಿದರು. ಹಿಂದಿಯಲ್ಲಿ, ನಿಧಾನವಾಗಿ ಹೇಳಿದರು: “ಇನ್ನು ಇದನ್ನು ಊದಬೇಡ. ಒಂದು ವರ್ಷದಿಂದ ನನ್ನ ಕಿವಿ ನೋಯುತ್ತಿದೆ.” ಜೀಪು ಹತ್ತಿದ ಮೇಲೆ, “ಅವಳಿಗೆ ಬೇಟೆ ಖಲಾಸ್. ನಿನ್ನ ರೂಮಿನಲ್ಲಿ ಇರಲಿ” ಎಂದರು.

ನಮ್ಮ ಬಳಗದಲ್ಲಿ ಮೆಡಿಕಲ್ ಅನ್‌ಫಿಟ್ ಆದಮೇಲೂ ಊಟ, ವಸತಿ, ಏಸಿ ಸಮೇತ ಖತಾರಿನಲ್ಲಿ ಉಳಿದವಳು ಅಕ್ಕಾರೊಬ್ಬಳೇ. ಎರಡು ಬೇಸಿಗೆ ಅವಳು ಮಾಸ್ತರರ ಮಂಚದ ಕೆಳಗೆ ಮಲಗಿ ಕಳೆದಳು. ಮೂರನೆಯದಕ್ಕೆ ಇರಲಿಲ್ಲ. ಆಮೇಲೆ ಮಾಸ್ತರರಿಗೂ ಇಲ್ಲಿ ಮನಸ್ಸು ನಿಲ್ಲಲಿಲ್ಲ. ಊರಿಗೆ ಹೊರಟ ದಿನ, ನಮ್ಮ ಕಂಪನಿ ಬಸ್ಸು ನಿಲ್ಲುವ ಜಾಗಕ್ಕೆ ಬಂದು ಈ ಸೀಟಿಯನ್ನು ನನ್ನ ಕೈಯಲ್ಲಿಟ್ಟರು.

“ಅವತ್ತ ನೀವು ಕೈ ಬಿಡಲಿಲ್ರೀ, ಸಾಹೇಬ್ರ. ಅರ್ಬಾಬನ ಎದುರಿಗೆ ನಿಂತು ಆಕಿ ಸಲವಾಗಿ ಸುಳ್ಳ ಹೇಳಿದ್ರಿ. ಬ್ಯಾರೆಯವ್ರು ಹೇಳತಿರಲಿಲ್ಲ.”

ಬಸ್ಸು ಬಂತು. ನಾನು ಸೀಟಿಯನ್ನು ಜೇಬಿಗೆ ಹಾಕಿಕೊಂಡು ಹತ್ತಿದೆ.

ಈಗ ವರದಿ ಬರೆಯುತ್ತಿದ್ದೇನೆ, ತಡವಾಗಿ. ಅವತ್ತು ನಾನು ಯಾರನ್ನೂ ಉಳಿಸಲಿಲ್ಲ. ಎರಡನೇ ಸೀಟಿ ಕೇಳಿದಾಗ ನನ್ನ ಬೆರಳು ಭಯದಿಂದ ಮರಗಟ್ಟಿತ್ತು. ಕೊಂಡಿ ಎಳೆಯಬೇಕೆಂದೇ ಇದ್ದೆ, ಕೈ ಓಡಲಿಲ್ಲ. ಸುಳ್ಳು ಹೇಳಿದ್ದು ಅಕ್ಕಾರಿಗಾಗಿ ಅಲ್ಲ, ನನ್ನ ಮರ್ಯಾದೆಗಾಗಿ. ಫೋನಿನಲ್ಲಿ ಹೇಳೋಣವೆಂದು ಎಷ್ಟೋ ಸಲ ನಂಬರು ತೆಗೆದೆ. ಪ್ರತಿ ಸಲವೂ ಅವರೇ ಮೊದಲು ರೊಟ್ಟಿ ತಿಂದಿರೇನು ಎಂದು ಕೇಳುತ್ತಿದ್ದರು, ಮಾತು ಆ ಕಡೆ ಹೋಗಿಬಿಡುತ್ತಿತ್ತು... ಹೋದ ತಿಂಗಳು ಅದೇ ನಂಬರಿನಿಂದ ಅವರ ಮಗಳು ಮಾತಾಡಿದಳು. ಎಲ್ಲ ಮುಗಿದು ಹನ್ನೊಂದು ದಿನವಾಗಿತ್ತು. ಅಪ್ಪ ನಿಮ್ಮ ವಿಷಯ ಎಲ್ಲರಿಗೂ ಹೇಳುತ್ತಿದ್ದರು, ಬಹಳ ಗಟ್ಟಿ ಮನುಷ್ಯ ಅಂತ, ಎಂದಳು. ಹೌದಮ್ಮ ಎಂದೆ.

ಇನ್ಶೂರೆನ್ಸ್ ಕಾರ್ಡು ಇನ್ನೂ ಸಿಕ್ಕಿಲ್ಲ. ಸೀಟಿಯನ್ನು ಒಂದು ಸಲ ಊದಿದೆ. ಅಡಿಗೆಮನೆಯಿಂದ ಹೆಂಡತಿ, ಏನದು ಎಂದಳು. ಏನಿಲ್ಲ ಎಂದು ಅದನ್ನು ಇದ್ದಲ್ಲೇ ಇಟ್ಟು ಡ್ರಾಯರು ಮುಚ್ಚಿದೆ. ಬೆರಳಿನಲ್ಲಿ ಲವಂಗದ ವಾಸನೆ ಉಳಿದಿದೆ.