ಅಪ್ಪನಿಗೆ ಸಿಕ್ಕ ತಂದೆಯ ಪಾತ್ರ

ನಾನು ಚಿಕ್ಕವಳಿದ್ದಾಗ ನಮ್ಮ ಅಪ್ಪ ಒಂದು ಮಧ್ಯಾಹ್ನ ಇಡೀ ಊರನ್ನು ಅಳಿಸಿದ. ಯಾರಿಗೂ ಬೈದು ಹೊಡೆದು ಅಲ್ಲ, ನಾಟಕದಲ್ಲಿ ಪಾತ್ರ ಮಾಡಿ.

ನಮ್ಮೂರು ಹನಕೆರೆಯಿಂದ ನಡೆದು ಹೋಗುವಷ್ಟು ದೂರ. ಸುತ್ತಲೂ ಕಬ್ಬು. ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ದಿನಗಳಲ್ಲಿ ಊರೆಲ್ಲ ಸಿಹಿ ವಾಸನೆ, ಒಗೆದು ಹರವಿದ ಬಟ್ಟೆಗೂ ಅದೇ ವಾಸನೆ. ಆ ಕೆಲಸ ಮುಗಿದ ಮೇಲೆ ಗಂಡಸರೆಲ್ಲ ಸೇರಿ ನಾಟಕ ಕಲಿಯುತ್ತಿದ್ದರು. ಪ್ರತಿ ವರ್ಷ ದೇವರ ಕಥೆ, ಕಿರೀಟ, ಗದೆ. ಆ ವರ್ಷ ಮಾತ್ರ ಮದ್ದೂರಿನಿಂದ ಬರುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು, ಜನಕ್ಕೆ ನಾಲ್ಕು ಒಳ್ಳೆಯ ಮಾತು ತಿಳಿಸುವಂಥದ್ದು ಆಡೋಣ ಎಂದು ತಾವೇ ಒಂದು ನಾಟಕ ಬರೆದು ತಂದರು. ಕಥೆ ಸಣ್ಣದು. ಓದುವ ಆಸೆಯಿದ್ದ ಹುಡುಗಿಗೆ ಅವಳ ತಂದೆ ಮದುವೆ ಗೊತ್ತುಮಾಡುತ್ತಾನೆ. ಅವಳು ಕಾಲು ಹಿಡಿದು ಬೇಡಿಕೊಳ್ಳುತ್ತಾಳೆ. ಕೊನೆಗೆ ತಂದೆಗೆ ತಪ್ಪು ಅರಿವಾಗಿ, ಹಾಕಿದ ಚಪ್ಪರವನ್ನೇ ಕೀಳಿಸಿ ಅವಳನ್ನು ಶಾಲೆಗೆ ಕಳಿಸುತ್ತಾನೆ. ಆ ತಂದೆಯ ಪಾತ್ರ ನಮ್ಮಪ್ಪನಿಗೆ ಬಂತು.

ಅಪ್ಪನಿಗೆ ಸರಿಯಾಗಿ ಓದಲು ಬರುತ್ತಿರಲಿಲ್ಲ. ಮಾತುಗಳನ್ನೆಲ್ಲ ಓದಿ ಹೇಳಿ ಬಾಯಿಪಾಠ ಮಾಡಿಸಿದವಳು ಅಕ್ಕ. ಅವಳು ಆಗ ತಾನೇ ಏಳನೇ ಕ್ಲಾಸು ಮುಗಿಸಿದ್ದಳು. ಹೈಸ್ಕೂಲು ಇದ್ದದ್ದು ಮಂಡ್ಯದಲ್ಲಿ. ಹನಕೆರೆಯಲ್ಲಿ ರೈಲು ಹತ್ತಿ ಹೋಗಿ ಬರಬಹುದೆಂದು ಅವಳು ಲೆಕ್ಕ ಹಾಕಿದ್ದಳು. ಆದರೆ ಅಷ್ಟರಲ್ಲೇ ಮಳವಳ್ಳಿ ಕಡೆಯ ಒಂದು ಗಂಡು ಬಂದು ಅವಳನ್ನು ನೋಡಿಕೊಂಡು ಹೋಗಿತ್ತು.

ಸಂಜೆ ಅಪ್ಪ ಜಗಲಿಯ ಕಂಬಕ್ಕೆ ಒರಗಿ ಕೂರುತ್ತಿದ್ದ. ಎದುರಿಗೆ ಅಕ್ಕ. ಮಗಳ ಮಾತುಗಳನ್ನು ಅವಳೇ ಹೇಳುತ್ತಿದ್ದಳು, ಅಪ್ಪ ಅವಳನ್ನೇ ನೋಡುತ್ತಾ ಉತ್ತರಿಸುತ್ತಿದ್ದ: "ಮಗಳೇ, ನಿನ್ನ ಬಾಳಿಗೆ ನಾನೇ ಮುಳ್ಳಾದೆ. ಈ ಮದುವೆ ನಡೆಯದು. ನಾಳೆಯಿಂದ ನೀನು ಸಾಲೆಗೆ ಹೋಗು."

"ಶಾಲೆ ಕಣಪ್ಪ, ಸಾಲೆ ಅಲ್ಲ" ಎಂದು ಅಕ್ಕ ತಿದ್ದುತ್ತಿದ್ದಳು.

ಒಂದು ದಿನ ನೀರು ಸೇದುವಾಗ ಅಕ್ಕ ನನಗೆ ಹೇಳಿದಳು, "ದಿನಾ ಅದೇ ಮಾತು ಯೋಳ್ತಾನೆ. ಯೋಳ್ತಾ ಯೋಳ್ತಾ ಒಳಿಕ್ಕೂ ಇಳೀತದೆ, ನೋಡ್ತಿರು."

ಕರೆಂಟನ್ನು ನಂಬುವ ಹಾಗಿರಲಿಲ್ಲವಾದ್ದರಿಂದ ನಾಟಕವನ್ನು ಹಗಲಿಗೇ ಇಟ್ಟುಕೊಂಡರು. ಸ್ಕೂಲಿನ ಮುಂದೆ ತೆಂಗಿನ ಗರಿಯ ಚಪ್ಪರ, ಅದರ ಕೆಳಗೆ ಬೆವರು, ಬೀಡಿ, ಕಡ್ಲೆಪುರಿ ಎಲ್ಲ ಬೆರೆತ ವಾಸನೆ. ಮುಂದಿನ ಬೆಂಚಿನಲ್ಲಿ ಬೀಗರಾಗಲಿದ್ದ ಮಳವಳ್ಳಿಯವರು ಕೂತಿದ್ದರು. ಮೀಸೆ ಬೋಳಿಸಿಕೊಂಡು ಅವ್ವನ ಸೀರೆ ಉಟ್ಟ ಪಕ್ಕದ ಮನೆಯ ಅಣ್ಣ ಮಗಳಾಗಿ ಬಂದಾಗ ನಾವು ಮಕ್ಕಳೆಲ್ಲ ನಕ್ಕೆವು. ಅಪ್ಪ ಬಾಯಿ ತೆರೆದ ಮೇಲೆ ಯಾರೂ ನಗಲಿಲ್ಲ. "ನಾಳೆಯಿಂದ ನೀನು ಶಾಲೆಗೆ ಹೋಗು" ಎಂಬ ಮಾತು ತೊದಲದೆ ಬಂತು. ಅವನ ಕೆನ್ನೆಯ ಬಣ್ಣ ಕಣ್ಣೀರಿಗೆ ಕರಗಿ ಇಳಿಯಿತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಗಂಡಿನ ತಂದೆ ಟವಲಿನಿಂದ ಮುಖ ಒರೆಸಿಕೊಂಡದ್ದನ್ನು ನಾನೇ ಕಂಡೆ.

ನಾಟಕ ಮುಗಿದದ್ದೇ ತಡ, ಅಕ್ಕ ನನ್ನ ಕೈ ಹಿಡಿದು ಪರದೆಯ ಹಿಂದಕ್ಕೆ ಓಡಿದಳು. ಅಪ್ಪ ಕಲ್ಲಿನ ಮೇಲೆ ಕೂತು ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಿದ್ದ.

"ಅಪ್ಪ, ಮಂಡ್ಯದ್ ಇಸ್ಕೂಲ್ಗೆ ಸೇರ್ಕೊಳ್ಲಾ?" ಎಂದಳು.

ಅಪ್ಪ ನಕ್ಕ. "ಇದೇನವ್ವ ಈಗ?"

"ನೀನೇ ಯೋಳ್ದಲ್ಲ."

"ಅದು ನಾಟ್ಕ ಕಣವ್ವ. ಮೇಷ್ಟ್ರು ಬರುದ್ರು, ನಾನ್ ಯೋಳ್ದೆ."

"ಅಳ್ತಿದ್ದಲ್ಲ, ಅದೂ ನಾಟ್ಕನಾ?"

ಅಪ್ಪನ ಕೈ ನಿಂತಿತು. "ಅಳು ದಿಟವೇ ಕಣವ್ವ. ಆ ಮಗಿನ್ ಕಷ್ಟ ನೋಡಿ ಒಟ್ಟೆ ಉರುದೋಯ್ತು."

"ಮತ್ತೆ ನಾನು?" ಎಂದಳು ಅಕ್ಕ, ತುಂಬ ಮೆಲ್ಲಗೆ.

ಅಪ್ಪ ಅವಳ ಮುಖ ನೋಡಿದ. ಏನೋ ಹೇಳುತ್ತಾನೆ ಅಂದುಕೊಂಡೆ. ಅಷ್ಟರಲ್ಲಿ ಗಂಡಿನ ತಂದೆ ಪರದೆ ಸರಿಸಿ ಒಳಗೆ ಬಂದರು. ಅವರ ಕಣ್ಣು ಇನ್ನೂ ಕೆಂಪಗಿತ್ತು. "ಬೀಗ್ರೇ, ಎಂಥಾ ಪಾರ್ಟ್ ಮಾಡ್ಬುಟ್ರಿ. ನಿಮ್ಮಂತೋರ ಮನೆ ಎಣ್ ತರಾಕೆ ನಾವ್ ಪುಣ್ಯ ಮಾಡಿದ್ವಿ. ಇವತ್ತೇ ದಿವ್ಸ ಗೊತ್ಮಾಡ್ಕಂಡೋಯ್ತೀವಿ."

"ಆಗ್ಲಿ ಬುಡಿ" ಎಂದ ಅಪ್ಪ.

ಮಳೆಗಾಲಕ್ಕೆ ಮೊದಲೇ ಮದುವೆ ಆಯಿತು. ನಾಟಕ ಬರೆದ ಮೇಷ್ಟ್ರೂ ಬಂದಿದ್ದರು. ಎಲೆಗೆ ಪಾಯಸ ಬಡಿಸುವ ಹೊತ್ತಿಗೆ ಅಕ್ಕ ಅವರ ಕಡೆ ನೋಡಿದಳು. ಅವರು ಎಲೆಯಿಂದ ತಲೆ ಎತ್ತಲಿಲ್ಲ. ಮುಂದೆ ಆ ನಾಟಕವನ್ನು ಮದ್ದೂರಿನಲ್ಲೂ ಮಳವಳ್ಳಿಯಲ್ಲೂ ಆಡಿಸಿದರು. ಅಪ್ಪ ಎಲ್ಲ ಕಡೆಯೂ ಅದೇ ಜಾಗದಲ್ಲಿ ಅತ್ತ, ನಿಜವಾಗಿಯೇ ಅತ್ತ. ಅಕ್ಕ ಹಬ್ಬಕ್ಕೆ ಬಂದಾಗ ಯಾರಾದರೂ ಆ ನಾಟಕದ ಮಾತೆತ್ತಿದರೆ, ಎದ್ದು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದಳು. ಅವಳು ಮತ್ತೆ ಏನನ್ನಾದರೂ ಓದಿದ್ದನ್ನು ನಾನು ಕಾಣಲಿಲ್ಲ. ಅಪ್ಪನಿಗೆ ವಯಸ್ಸಾದ ಮೇಲೆ ಒಮ್ಮೆ ನಾನು ಆ ದಿನದ ಬಗ್ಗೆ ಕೇಳಿದೆ. ಅವನ ಮುಖ ಅರಳಿತು. "ಆ ಪಾರ್ಟು ನಂಗೆ ಬಾಳ ಚೆನ್ನಾಗಿ ಕೂಡ್ಬಂದಿತ್ತು ಕಣಮ್ಮ" ಎಂದ. ಅಷ್ಟೇ.

ಮೊಮ್ಮಕ್ಕಳೇ, ನೀವು ಈಗ ನಾಟಕಕ್ಕೆಂದು ವರ್ಷವಿಡೀ ಕಾಯಬೇಕಿಲ್ಲ. ಟಿವಿಯಲ್ಲಿ, ಮೊಬೈಲಿನಲ್ಲಿ ದಿನಕ್ಕೊಂದು ಕಥೆ. ನೋಡಿದ ಸಿನಿಮಾದಿಂದ ಏನು ಕಲಿತಿರಿ ಎಂದು ಸ್ಕೂಲಿನಲ್ಲಿ ಕೇಳುತ್ತಾರೆ, ನೀವೂ ಚೆನ್ನಾಗಿ ಬರೆಯುತ್ತೀರಿ. ನಿಮ್ಮಲ್ಲಿ ಹೆಣ್ಣುಮಕ್ಕಳೂ ಓದುತ್ತಿದ್ದೀರಿ, ಅದು ಸುಳ್ಳಲ್ಲ. ಆದರೆ ಹೋದ ಭಾನುವಾರ ಟಿವಿಯಲ್ಲಿ ಬಂದ ಸಿನಿಮಾ ನೆನಪಿದೆಯಲ್ಲ? ಕೆಳಜಾತಿಯವನೆಂದು ಒಬ್ಬ ಹುಡುಗನನ್ನು ಹೊಸ್ತಿಲಾಚೆ ನಿಲ್ಲಿಸುತ್ತಾರೆ. ಅದನ್ನು ನೋಡಿ ನಿಮ್ಮಪ್ಪ ಕಣ್ಣೊರೆಸಿಕೊಂಡ. ಆಗಲೇ ನಿಮ್ಮ ಹೊಸ ಗೆಳೆಯ ಆಟಕ್ಕೆಂದು ಕರೆಯಲು ಬಂದು ಬಾಗಿಲ ಹತ್ತಿರ ನಿಂತ. ನಿಮ್ಮಪ್ಪ ಎದ್ದು ಬಂದು, "ಯಾವ್ ಕೇರಿಯವ್ನ್ಲಾ ಅವ್ನು? ಒಳಿಕ್ ಕರೀಬ್ಯಾಡ, ಆಚೆನೇ ಆಡ್ಕೊಳಿ" ಎಂದ. ನೀವು ಚಪ್ಪಲಿ ಮೆಟ್ಟಿಕೊಂಡು ಹೊರಟಿರಿ. ನಿಮ್ಮಪ್ಪ ಒಳಗೆ ಬಂದು ಟಿವಿಯ ಮುಂದೆ ಕೂತ. ಸಿನಿಮಾ ಇನ್ನೂ ಮುಗಿದಿರಲಿಲ್ಲ. ಎಲ್ಲಿಗೆ ನಿಲ್ಲಿಸಿದ್ದನೋ ಅಲ್ಲಿಂದಲೇ ಮತ್ತೆ ಅಳಲು ಶುರುಮಾಡಿದ.